ಏರಿನಲ್ಲಿ ಎರಡನೇ ಗೇರು

ನಮ್ಮ ಮಾವನಿಗೆ ಬೀದಿಯವರು ಇಟ್ಟಿರುವ ಹೆಸರು ಕಿವಿ ಮೇಸ್ತ್ರಿ. ಮನೆಯ ಮುಂದಿನ ಶೆಡ್ಡಿನಲ್ಲಿ ಗಿಡ್ಡ ಮಣೆಯ ಮೇಲೆ ಕೂತು, ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಡಾಕ್ಟರು ಎದೆ ಪರೀಕ್ಷಿಸುವ ಹಾಗೆ ಕಣ್ಣು ಮುಚ್ಚುತ್ತಾರೆ. ಯಾವ ಬೈಕಿಗೆ ಏನು ಕಾಯಿಲೆ ಎಂದು ಬಿಚ್ಚುವ ಮೊದಲೇ ಹೇಳುತ್ತಾರೆ. ಅಂಥವರು ನಮ್ಮದೇ ಮನೆಯ ಬೈಕಿನ ಗೇರು ಸರಿಮಾಡಲಾರದೆ ಒಂದು ಬೇಸಿಗೆ ಪೂರ್ತಿ ಒದ್ದಾಡಿದರು.

ಅದು ಮಾವ ತಮ್ಮ ಚಿಕ್ಕ ಮಗನಿಗೆಂದು, ಎಂದರೆ ನನ್ನ ಮೈದುನನಿಗೆಂದು, ಕೊಂಡಿದ್ದ ಸೆಕೆಂಡ್ ಹ್ಯಾಂಡ್ ಬೈಕು. ಮೈದುನನ ಎಡಗಾಲಿನ ಕೀಲು ಹುಟ್ಟಿನಿಂದಲೇ ಸೆಟೆದುಕೊಂಡಿತ್ತು, ಹಿಮ್ಮಡಿ ನೆಲಕ್ಕೆ ಊರುತ್ತಿರಲಿಲ್ಲ. ಗೇರಿನ ಗಾಡಿ ಇವನ ಕೈಲಾಗದು ಎಂದವರಿಗೆಲ್ಲ ಮಾವ ಹೇಳಿದ್ದು ಒಂದೇ ಮಾತು: "ಕಾಲಿಗೆ ತಕ್ಕ ಗೇರು ನಾನ್ ಮಾಡ್ತೀನಿ. ಗೇರಿಗೆ ತಕ್ಕ ಕಾಲು ಯಾವನ್ ತಂದ್ಕೊಡ್ತಾನೆ?"

ಗೇರ್ ಲಿವರನ್ನು ಕತ್ತರಿಸಿ, ಹಿಮ್ಮಡಿಯಿಂದ ಒತ್ತುವ ಹಿಂಭಾಗಕ್ಕೆ ತುಂಡು ಕಬ್ಬಿಣ ಬೆಸೆದು ಎತ್ತರಿಸಿದರು. ಅದಕ್ಕೆ ಸರಿಯಾಗಿ ಮುಂಭಾಗ ಕೆಳಗೆ ಬಗ್ಗಿತು. ಮೈದುನನ ಕಾಲಿಗೆ ಅದು ಅಳತೆ ಕೊಟ್ಟು ಹೊಲಿಸಿದ ಚಪ್ಪಲಿಯಂತೆ ಕೂತಿತು. ಉಳಿದದ್ದು ಒಂದೇ ಕೊರತೆ. ನಮ್ಮ ಬೀದಿಯ ಏರು ಕಡಿದಾದದ್ದು, ಮೂರರಿಂದ ಎರಡಕ್ಕೆ ಇಳಿಸದೆ ಗಾಡಿ ಹತ್ತುವುದಿಲ್ಲ. ಇಳಿಸಲು ಮುಂದೆ ತುಳಿದರೆ ಬಗ್ಗಿದ ತುದಿ ಎಂಜಿನ್ನಿನ ಕೆಳಗಿನ ಕಂಬಿಗೆ ತಾಗಿ ಅರ್ಧಕ್ಕೇ ನಿಲ್ಲುತ್ತಿತ್ತು. ಗೇರು ಬೀಳದೆ ಎಂಜಿನ್ನು ರೊಂಯ್ ಎಂದು ಅರಚುತ್ತಿತ್ತು. ಮೈದುನ ಇನ್ನೊಮ್ಮೆ ಜೋರಾಗಿ ತುಳಿದರೆ, ಟಕ್.

"ಕೊಡೋ, ತುದಿಗೆ ಒಂಚೂರು ಅರ ಹಾಕಿದ್ರೆ ಸರಿಹೋಗತ್ತೆ," ಎಂದು ಮಾವ ಹೇಳಿದರೆ ಅವನು ನಗುತ್ತಿದ್ದ. "ಬಿಡಪ್ಪ, ಅದೇ ನನ್ ಹಾರ್ನು."

ಹಾರ್ನೇ ಆಗಿಹೋಗಿತ್ತು. ಸಂಜೆ ಏರಿನ ಬುಡದಲ್ಲಿ ರೊಂಯ್, ಟಕ್ ಕೇಳಿದರೆ ಅತ್ತೆ ಊಟ ಬಿಸಿಗಿಡುತ್ತಿದ್ದರು. ಮಾವ ಕೈಯನ್ನು ಬನಿಯನ್ನಿಗೆ ಒರೆಸಿಕೊಂಡು ಗೇಟು ತೆಗೆಯುತ್ತಿದ್ದರು. ಅವನಿಗೆ ಬ್ರೇಕು ಹಾಕುವ ಕೆಲಸವೇ ಇರುತ್ತಿರಲಿಲ್ಲ.

ಆಮೇಲೆ ಅವನಿಗೆ ಕಾಮಾಲೆಯಾಯಿತು. ಆಸ್ಪತ್ರೆಗೆ ಆಟೋದಲ್ಲಿ ಹೋದ. ಬೈಕು ಮನೆಯಲ್ಲೇ ಉಳಿಯಿತು, ಅವನು ವಾಪಸು ಬರಲಿಲ್ಲ.

ಬಹಳ ದಿನ ಅದು ಹಳೇ ಬೆಡ್‌ಶೀಟಿನ ಕೆಳಗೆ ನಿಂತಿತ್ತು. ನನ್ನ ಗಂಡನಿಗೆ, ಎಂದರೆ ಮಾವನ ದೊಡ್ಡ ಮಗನಿಗೆ, ಕೆಲಸದ ಜಾಗ ದೂರವಾದಾಗ ಮಾವನೇ ಬೀಗದ ಕೈ ಕೊಟ್ಟರು. ಮೊದಲ ಸಂಜೆಯೇ ಏರಿನಲ್ಲಿ ರೊಂಯ್ ಎಂದಿತು, ಟಕ್ ಎಂದಿತು. ಮಾವ ಎದ್ದು ಹೋಗಿ ಗೇಟು ತೆಗೆದರು. ಒಳಗೆ ಬಂದ ಮಗನ ಮುಖ ನೋಡಿದರು. ಗೇಟು ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತಿದ್ದರು.

"ಅಪ್ಪಾ, ಏರಲ್ಲಿ ಗೇರು ಕೈ ಕೊಡ್ತಿದೆ," ಎಂದರು ಇವರು.

"ನೋಡೋಣ ಬಿಡು."

ಮಾವ ನೋಡತೊಡಗಿದರು. ಕ್ಲಚ್ ಕೇಬಲ್ ಬದಲಾಯಿಸಿದರು. ಆಯಿಲ್ ಬದಲಾಯಿಸಿದರು. ಕ್ಲಚ್ ಪ್ಲೇಟುಗಳನ್ನು ಬಿಚ್ಚಿ ಹಳೇ ಪೇಪರಿನ ಮೇಲೆ ಸಾಲಾಗಿ ಹರಡಿ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಮತ್ತೆ ಜೋಡಿಸಿದರು. ಪ್ರತಿಸಲವೂ ಕೆಳಗಿನ ಸಪಾಟು ರಸ್ತೆಯಲ್ಲಿ ಓಡಿಸಿ ಬಂದು "ಸರಿಹೋಯ್ತು" ಎನ್ನುತ್ತಿದ್ದರು. ಸಂಜೆ ಏರಿನಲ್ಲಿ ಮತ್ತೆ ಅದೇ ಸದ್ದು, ಮತ್ತೆ ಮಾವ ಗೇಟಿಗೆ.

ಎದುರು ಅಂಗಡಿಯ ಟೈಲರ್ ಬಿಡುವನೇ? "ಏನ್ ಮೇಸ್ತ್ರಿ, ವೈದ್ಯರ ಮನೇಲೇ ಕೆಮ್ಮು ನಿಲ್ತಿಲ್ವಲ್ಲ!"

"ನೀನ್ ಮೊದ್ಲು ನನ್ ಪ್ಯಾಂಟಿನ ಎರಡೂ ಕಾಲು ಒಂದೇ ಉದ್ದ ಮಾಡಿ ಕೊಡಯ್ಯ, ಆಮೇಲೆ ಮಾತಾಡುವಂತೆ."

ನಮ್ಮ ಪುಟ್ಟ ಮಗು ಸೀನಿದರೆ ಸಾಕು, ನಾನು ಡಾಕ್ಟರ ಹತ್ತಿರ ಓಡುವವಳು. ಅಂಥವಳು ಒಂದು ದಿನ ಲಸಿಕೆ ಹಾಕಿಸಲು ಅದೇ ಬೈಕಿನಲ್ಲಿ ಇವರ ಹಿಂದೆ ಕೂತು ಮಗುವನ್ನು ಎತ್ತಿಕೊಂಡು ಹೋಗಿದ್ದೆ. ವಾಪಸು ಬರುವಾಗ ಏರಿನ ನಡುವೆ ಗೇರು ಬೀಳಲಿಲ್ಲ. ಎಂಜಿನ್ನು ಅರಚಿತು, ಗಾಡಿ ಹಿಂದಕ್ಕೆ ಜಾರಿತು. ಬೆನ್ನಿಗೆ ನೀರಿನ ಟ್ಯಾಂಕರು. ಅದರ ಹಾರ್ನಿಗೆ ಮಗು ಬೆಚ್ಚಿ ಕಿರುಚಿತು. ಇವರು ಎರಡೂ ಕಾಲು ನೆಲಕ್ಕೆ ಊರಿ, ಹೇಗೋ ತಡೆದು, ಮತ್ತೆ ತುಳಿದರು. ಟಕ್. ತಿರುಗಿ ನೋಡಿದರೆ ಟ್ಯಾಂಕರಿನ ಮೂತಿ ಕೈಗೆಟಕುವಷ್ಟು ಹತ್ತಿರವಿತ್ತು.

ನಾವು ಮೇಲೆ ಬಂದಾಗ ಗೇಟು ತೆರೆದೇ ಇತ್ತು.

"ಮಾವಾ, ಏನಾಗಿದೆ ಈ ಗಾಡಿಗೆ? ಇವತ್ತು ಮೂರೂ ಜನ ಹೋಗಿಬಿಡ್ತಿದ್ವಿ!" ಎಂದು ನಾನು ಕೂಗಿಯೇಬಿಟ್ಟೆ.

"ಗೇರ್‌ಬಾಕ್ಸ್ ಒಳಗೇ ಏನೋ ಇರ್ಬೇಕಮ್ಮ. ನಾಳೆ ಎಂಜಿನ್ ಇಳಿಸಿ ನೋಡ್ತೀನಿ."

ಅತ್ತೆ ಹೊಸ್ತಿಲಲ್ಲಿ ಸೌಟು ಹಿಡಿದುಕೊಂಡೇ ನಿಂತಿದ್ದರು. "ಇನ್ನೂ ಏನ್ರೀ ಇಳಿಸ್ತೀರಿ? ಎಲ್ಲಾ ಬಿಚ್ಚಿದ್ರಿ, ಅದೊಂದನ್ನ ಬಿಟ್ಟು."

ಯಾವುದನ್ನು ಎಂದು ನಾನು ಕೇಳಬೇಕಾಗಲಿಲ್ಲ. ಅವರ ಸೌಟು ಗೇರ್ ಲಿವರಿನ ಕಡೆ ತಿರುಗಿತ್ತು.

"ನಂಗೊತ್ತಿಲ್ವೇನೇ," ಎಂದರು ಮಾವ. "ಮೊದಲ್ನೇ ದಿನಾನೇ ಗೊತ್ತಿತ್ತು."

"ಬರೋನು ದೊಡ್ಡೋನು ಕಣ್ರೀ. ಅವನೂ ನಿಮ್ಮಗನೇ."

"ಗೇಟ್ ತೆಗೆದು ಮುಖ ನೋಡೋವರ್ಗೂ ಚಿಕ್ಕೋನೇ ಕಣೇ."

ಬೈಕಿನ ಪಕ್ಕದಲ್ಲಿದ್ದ ನನ್ನ ಗಂಡ ತಲೆ ತಗ್ಗಿಸಿ, ಹೆಲ್ಮೆಟ್ಟಿನ ಪಟ್ಟಿಯನ್ನು ಸುಮ್ಮನೆ ಹಾಕುತ್ತ ತೆಗೆಯುತ್ತ ಇದ್ದರು.

"ನಂಗೇನು ಕಿವಿ ಇಲ್ವಾ?" ಎಂದರು ಅತ್ತೆ, ಮೆತ್ತಗೆ. "ನಾನೂ ಆ ಸದ್ದಿಗೇ ದಿನಾ ಒಲೆ ಹಚ್ಚೋದು. ಆದ್ರೆ ಇವತ್ತು ಗಾಡೀಲಿ ಕೂಸಿತ್ತು ಕಣ್ರೀ."

ಮಗು ಇನ್ನೂ ಬಿಕ್ಕುತ್ತಿತ್ತು. ಮಾವ ಎಣ್ಣೆ ಕೈಯಲ್ಲಿ ಅದನ್ನು ಎಂದೂ ಮುಟ್ಟಿದವರಲ್ಲ. ಹತ್ತಿರ ಬಂದು, ಮೊಣಕೈಯಿಂದ ಅದರ ಪುಟ್ಟ ಎಡಪಾದವನ್ನು ಮೆಲ್ಲಗೆ ಸವರಿ ಶೆಡ್ಡಿಗೆ ಹೋದರು.

ಮರುದಿನ ಬೆಳಿಗ್ಗೆ ಹೊಸ ಲಿವರು ತಂದರು. ಹಳೆಯದರ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಯಾರ ಗಾಡಿಯ ಬೋಲ್ಟಿಗಾದರೂ ಬೈಗುಳದ ಸುರಿಮಳೆಗರೆಯುವವರು ಅಂದು ತುಟಿ ಬಿಚ್ಚಲಿಲ್ಲ. ಎಣ್ಣೆ ಬಿಟ್ಟು ಕಾದರು, ಸುತ್ತಿಗೆಯಿಂದ ಸಣ್ಣಗೆ ತಟ್ಟಿದರು, ಮತ್ತೆ ಕಾದರು. ಕಳಚಿ ಬಂದದ್ದನ್ನು ಗುಜರಿ ಡಬ್ಬಕ್ಕೆ ಹಾಕಲಿಲ್ಲ. ಬಟ್ಟೆಯಿಂದ ಒರೆಸಿ ಸ್ಪ್ಯಾನರುಗಳ ಸಾಲಿನಲ್ಲಿ ಮೊಳೆಗೆ ತೂಗುಹಾಕಿದರು. "ಇದ್ಯಾವ ಗಾಡೀದು?" ಎಂದು ಟೈಲರ್ ಕೇಳಿದ್ದಕ್ಕೆ, "ಯಾವುದಕ್ಕೂ ಕೂರಲ್ಲ ಬಿಡು," ಎಂದರು.

ಈ ಸಲ ಮಾವ ಸಪಾಟು ರಸ್ತೆಗೆ ಹೋಗಲಿಲ್ಲ, ಏರಿನಲ್ಲೇ ಓಡಿಸಿ ನೋಡಿದರು. ಎರಡನೇ ಗೇರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬಿದ್ದಿರಬೇಕು, ನನಗೇನೂ ಕೇಳಿಸಲಿಲ್ಲ. ನಾನು ಬೇಡಿಕೊಂಡಿದ್ದು ಅದನ್ನೇ. ಆದರೂ ಮಗುವನ್ನು ಎದೆಗೊತ್ತಿಕೊಂಡು ಕಿಟಕಿಯಲ್ಲಿ ನಿಂತವಳಿಗೆ ಅಳು ತಡೆಯಲಾಗಲಿಲ್ಲ.

ಅಂದು ಸಂಜೆ ಮಾವ ಮಣೆಯ ಮೇಲೆ ಕೂತು ಯಾರದೋ ಕಾರ್ಬ್ಯುರೇಟರ್ ಉಜ್ಜುತ್ತಿದ್ದರು. ಏರಿನಲ್ಲಿ ಬೈಕುಗಳು ಹೋಗುತ್ತಿದ್ದವು, ಬರುತ್ತಿದ್ದವು. ಅಷ್ಟರಲ್ಲಿ ಗೇಟಿನ ಚಿಲಕದ ಸದ್ದಾಯಿತು.

"ಯಾರು?" ಎಂದರು ಮಾವ, ತಲೆಯೆತ್ತದೆ.

"ನಾನಪ್ಪಾ."

ಒಳಗೆ ಅತ್ತೆ ಆಗ ಒಲೆ ಹಚ್ಚಿದರು.