ಹಾಲಿನ ಸಂಘದ ಚಾಕು

ಬಟವಾಡಿಯಲ್ಲಿರುವ ನಮ್ಮಕ್ಕನಿಗೆ ಚಾಕುವಿನ ಹುಚ್ಚು. ಕತ್ತರಿಸುವ ಚಾಕು ಅಲ್ಲ, ನೆನಪಿಗೆಂದು ಹಂಚಿದ ಚಾಕು. ಗೊಬ್ಬರದ ಅಂಗಡಿಯವರು ಹತ್ತನೇ ವರ್ಷಕ್ಕೆ ಕೊಟ್ಟಿದ್ದು, ಬಸ್ಸಿನ ಮಾಲೀಕರೊಬ್ಬರು ಮಗಳ ಮದುವೆಗೆ ಹಂಚಿದ್ದು, ಹೀಗೆ ಹನ್ನೊಂದು. ಎಲ್ಲಕ್ಕೂ ರಾಜ ಅಪ್ಪನದು. ಕುಣಿಗಲ್ ಕಡೆಯ ನಮ್ಮೂರಿನ ಹಾಲಿನ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದಾಗ ಅಪ್ಪನಿಗೆ ಕೊಟ್ಟ ಮಡಚುವ ಚಾಕು. ಅಲಗಿನ ಮೇಲೆ ಸಂಘದ ಹೆಸರು, ಪಕ್ಕದಲ್ಲಿ ಹಂದಿಯಂತೆ ಕಾಣುವ ಒಂದು ಹಸು.

ಗುಬ್ಬಿಯಲ್ಲಿ ಇಂಥ ಚಾಕು ಕೂಡಿಡುವ ಮೇಷ್ಟ್ರೊಬ್ಬರಿದ್ದಾರೆ. ವಿಜಯದಶಮಿಗೆ ಬಂದು ನೋಡುತ್ತೇನೆ, ಬರಹ ಸರಿಯಾಗಿದ್ದರೆ ಅಪ್ಪನ ಹೆಸರಿನ ಚೀಟಿ ಹಚ್ಚಿ ನನ್ನ ಗಾಜಿನ ಬೀರುವಿನಲ್ಲಿಡುತ್ತೇನೆ ಎಂದಿದ್ದರು. ಅಕ್ಕನಿಗೆ ಆ ಚೀಟಿಯೇ ಬೇಕಿತ್ತು.

ಆಯುಧಪೂಜೆಗೆ ನಾನು ಹೋಗಿದ್ದೆ. ಮಚ್ಚು, ಕುಡುಗೋಲು, ಈಳಿಗೆ ಮಣೆ ತೊಳೆದಿಡುವುದು ನನ್ನ ಕೆಲಸ. ಅಕ್ಕ ಹೂವು ತರಲು ಹೋದಾಗ ಸಾಣೆ ಹಿಡಿಯುವವನು ಸೈಕಲ್ಲಿನಲ್ಲಿ ಬಂದ. ಎಲ್ಲವನ್ನೂ ಕೊಟ್ಟೆ. ಅಕ್ಕನಿಗೆ ಖುಷಿಯಾಗಲಿ ಎಂದು ಅಪ್ಪನದನ್ನೂ ಕೊಟ್ಟೆ.

"ಚೆನ್ನಾಗಿ ಹೊಳೀಬೇಕು ಕಣಪ್ಪ," ಎಂದೆ. ಹೊಳೆಯಿತು. ಸಂಘವೂ ಹೋಯಿತು, ಹಸುವೂ ಹೋಯಿತು.

ಅಕ್ಕ ಬರುವಷ್ಟರಲ್ಲಿ ಅಲಗಿನ ಎರಡೂ ಕಡೆ ವಿಭೂತಿ ಬಳಿದು, ಮೇಲೆ ಅರಿಶಿನ ಕುಂಕುಮ ಮೆತ್ತಿದೆ.

"ಏನ್ಲಾ, ಇಷ್ಟೊಂದ್ ಭಕ್ತಿ?" ಎಂದಳು.

ಮರುದಿನ ಮೇಷ್ಟ್ರು ಬಂದರು. ಚಾಕುವನ್ನು ಕಿವಿಯ ಹತ್ತಿರ ಮಡಚಿ, ಟಕ್ ಎಂಬ ಸದ್ದು ಕೇಳಿ ತಲೆಯಾಡಿಸಿದರು. ಹಿಡಿಯ ಮೊಳೆಗಳನ್ನು ಭೂತಗನ್ನಡಿಯಲ್ಲಿ ನೋಡಿ "ಅಸಲಿ" ಎಂದರು. ಆಮೇಲೆ ತಮ್ಮ ಟವೆಲ್ಲಿನಿಂದ ಕುಂಕುಮ ಒರೆಸಿದರು. ಕೆಳಗೆ ಏನೂ ಇಲ್ಲ.

"ಅಯ್ಯೋ ಸಾರ್, ಉಜ್ಜಿ ಉಜ್ಜಿ ಅಳಿಸೇಬುಟ್ರಲ್ಲ!" ಅಕ್ಕ ಕಿರುಚಿದಳು.

"ಮೆತ್ತಗೇ ಒರೆಸ್ದೆ ಕಣಮ್ಮ. ಇದಕ್ಕೆ ಸಾಣೆಗೀಣೆ ಹಿಡಿಸಿದ್ರಾ?"

"ನಮಗೇನ್ ಬುದ್ಧಿ ಇಲ್ವಾ? ಏನ್ಲಾ, ನೀನೇನಾರ ಹಿಡಿಸ್ದಾ?"

"ಇಲ್ಲಕ್ಕ," ಎಂದೆ.

ಮೇಷ್ಟ್ರು ಟವೆಲ್ ಬಿಡಿಸಿ ಎರಡೂ ಮಗ್ಗುಲು ನೋಡಿದರು, ಹಸು ಅಲ್ಲಿಗೇನಾದರೂ ಬಂದಿದೆಯೋ ಎಂಬಂತೆ. ಕೊನೆಗೆ, "ನನ್ನಿಂದ್ಲೇ ಹಾಳಾಯ್ತಲ್ಲ. ಆದ್ರೂ ಇಡ್ತೀನಿ ಬಿಡಮ್ಮ," ಎಂದು ಚಾಕು ತೆಗೆದುಕೊಂಡು ಹೊರಟರು. ಬಸ್ ಸ್ಟಾಪಿನವರೆಗೆ ನಾನು ಜೊತೆಗೆ ಹೋದೆ.

"ಅಷ್ಟು ಜೋರಾಗಿ ಉಜ್ಜಿದ್ನೇನಪ್ಪ?" ಎಂದು ಕೇಳಿದರು.

"ಸ್ವಲ್ಪ ಜೋರೇ, ಸಾರ್."

ಹೋದ ತಿಂಗಳು ಅಕ್ಕ ನನ್ನನ್ನು ಗುಬ್ಬಿಗೆ ಎಳೆದುಕೊಂಡು ಹೋದಳು. ಬೀರುವಿನ ನಟ್ಟನಡುವೆ ಅಪ್ಪನ ಚಾಕು, ಕೆಳಗೆ ಅಪ್ಪನ ಹೆಸರು. ಅದರ ಕೆಳಗೆ ಮೇಷ್ಟ್ರ ದುಂಡನೆಯ ಬರಹ: 'ಅಕ್ಷರಗಳು ಅಳಿಸಿಹೋಗಿದ್ದು ನನ್ನ ಕೈತಪ್ಪಿನಿಂದ.'

"ಜೋರಾಗಿ ಓದ್ಲಾ," ಎಂದಳು ಅಕ್ಕ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ಓದಲು ಚೆನ್ನಾಗಿಯೇ ಬರುತ್ತದೆ. ಅಪ್ಪನ ಹೆಸರು ಓದಿ, "ಮುಂದಿಂದು ಓದಕ್ಕೆ ಬರಲ್ಲಕ್ಕ," ಎಂದೆ.

ಮೇಷ್ಟ್ರಿಗೆ ಅಯ್ಯೋ ಪಾಪ ಅನ್ನಿಸಿರಬೇಕು. ಪಕ್ಕಕ್ಕೆ ಬಂದು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ಮಗುವಿಗೆ ಹೇಳಿಕೊಡುವಂತೆ ಕೊನೆಯವರೆಗೂ ಓದಿಸಿದರು. ನಾನು ಅವರ ಹಿಂದೆಯೇ ಹೇಳುತ್ತಾ ಹೋದೆ. ಮುಗಿದ ಮೇಲೆ, "ಭೇಷ್!" ಎಂದು ಬೆನ್ನು ತಟ್ಟಿದರು.