ಬಾಗಿಲ ಹೊರಗಿನ ಚಪ್ಪಲಿ

ಬಿಸಿಲಿಗೆ ಕಾದ ರಬ್ಬರಿನ ವಾಸನೆ. ಹೋದ ವಾರ ಹರಿಹರದಲ್ಲಿ ಹಲ್ಲಿನ ಡಾಕ್ಟರ ಬಾಗಿಲ ಹೊರಗೆ ರಾಶಿ ಬಿದ್ದ ಚಪ್ಪಲಿಗಳಿಂದ ಬರುತ್ತಿತ್ತು. ಸರದಿ ಬರುವವರೆಗೆ ಹೊತ್ತು ಹೋಗಲೆಂದು ಮೊಬೈಲಿಗೆ ಬಂದಿದ್ದ ಒಂದು ಸಮೀಕ್ಷೆ ತುಂಬಿ ಕಳಿಸಿದ್ದೆ. ಪ್ರೋಗ್ರಾಂ ಬರೆಯುವವರಿಗೆ ವರ್ಷಕ್ಕೊಮ್ಮೆ ಬರುವಂಥದ್ದು: ನೀವು ದಿನಾ ಯಾವ ಭಾಷೆಯಲ್ಲಿ ಕೋಡ್ ಬರೆಯುತ್ತೀರಿ? ಕಳಿಸಿ ತಲೆ ಎತ್ತಿದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ಮೇಡಂ ನೆನಪಾದರು.

ವೆಬ್‌ಸೈಟ್ ಮಾಡುವ ಪಿಎಚ್‌ಪಿ ಎಂಬ ಭಾಷೆಯನ್ನು ನನಗೆ ಕಲಿಸಿದವರು ಅವರು. ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ಬಟ್ಟೆ ಅಂಗಡಿ, ಅದರ ಮಹಡಿಯ ಮೇಲೆ ಕಂಪ್ಯೂಟರ್ ಸೆಂಟರ್. ಎರಡಕ್ಕೂ ಒಬ್ಬರೇ ಸಾಹುಕಾರರು. ಒಂದು ಕೋಣೆಯಲ್ಲಿ ಜಾವಾ ಎಂಬ ಇನ್ನೊಂದು ಭಾಷೆಯ ಕ್ಲಾಸು, ಎದುರಿನ ಕೋಣೆಯಲ್ಲಿ ಮೇಡಂ. ಫೀಸು ಒಂದೇ, ಯಾರು ಎಲ್ಲಿ ಬೇಕಾದರೂ ಕೂರಬಹುದಿತ್ತು. ಎರಡೂ ಕ್ಲಾಸು ಒಂದೇ ಹೊತ್ತಿಗೆ ಬಿಡುತ್ತಿದ್ದವು. ಕಂಪ್ಯೂಟರಿಗೆ ಧೂಳು ಆಗಬಾರದೆಂದು ಚಪ್ಪಲಿ ಬಾಗಿಲ ಹೊರಗೆ. ಜಾವಾ ಕೋಣೆಯ ಮುಂದೆ ಪೇಟೆ ಹುಡುಗರ ಬೂಟುಗಳು ಮಿರಿಮಿರಿ ಮಿಂಚುತ್ತಿದ್ದವು. ಹರಿಹರ, ಹದಡಿ ಕಡೆಯಿಂದ ಬಸ್ಸಿನಲ್ಲಿ ಬರುವ ನಾವು ಮೇಡಂ ಹತ್ತಿರ ಕಿಕ್ಕಿರಿದು ಕೂರುತ್ತಿದ್ದೆವು. ಅವರು ಬೈದರೂ ನಮಗೆ ತಿಳಿಯುವ ಹಾಗೆ ಕನ್ನಡದಲ್ಲೇ ಬೈಯುತ್ತಿದ್ದರು.

ನನ್ನ ಹವಾಯಿ ಚಪ್ಪಲಿಯ ಪಟ್ಟಿ ಕಿತ್ತುಹೋಗಿ ಪಿನ್ನು ಚುಚ್ಚಿಕೊಂಡಿದ್ದೆ. ಆ ಬೂಟುಗಳ ಎದುರಿಗೆ ಅದನ್ನು ಬಿಡಲು ನಾಚಿಕೆಯಾಗಿ, ಕವರಿನಲ್ಲಿ ಸುತ್ತಿ ಒಳಗೆ ತಂದು ಕುರ್ಚಿಯ ಕೆಳಗೆ ತಳ್ಳಿದೆ. ಮೇಡಂ ಕಣ್ಣಿಗೆ ಬಿದ್ದೇಬಿಟ್ಟಿತು.

"ಯಾಕಮ್ಮ, ಚಪ್ಪಲಿ ಒಳಗೆ ತಂದೀಯ?"

"ಹೊರಗಿಟ್ರೆ ಕಳುವಾಗ್ತಾವೆ ಮೇಡಂ."

ಪಿನ್ನು ಚುಚ್ಚಿದ ಚಪ್ಪಲಿಯನ್ನು ಯಾವ ಕಳ್ಳ ಕದಿಯುತ್ತಾನೆ... ಮೇಡಂ ನಗಲಿಲ್ಲ. ಮಾರನೆಯ ದಿನ ತಮ್ಮ ಚಪ್ಪಲಿಯನ್ನೂ ಕವರಿಗೆ ಹಾಕಿ ಮೇಜಿನ ಕೆಳಗಿಟ್ಟು, "ಹೌದಮ್ಮ, ಕಳ್ಳರ ಕಾಟ ಜಾಸ್ತಿ ಆಗೈತೆ" ಎಂದರು. ಒಬ್ಬರನ್ನು ನೋಡಿ ಒಬ್ಬರು, ಕ್ಲಾಸಿಗೆ ಕ್ಲಾಸೇ ಕವರು ಹಿಡಿದು ಬರತೊಡಗಿತು.

ಆ ವರ್ಷ ಸಾಹುಕಾರರು ಇನ್ನು ಒಂದೇ ಭಾಷೆ ಸಾಕು ಎಂದು ತೀರ್ಮಾನಿಸಿದರು. ಒಂದು ಸಂಜೆ ನಾನೂ ಮೇಡಂ ಮೆಟ್ಟಿಲಿಳಿದು ಬರುವಾಗ ಅಂಗಡಿಯ ಗಾದಿಯ ಮೇಲಿಂದಲೇ ಕರೆದರು.

"ಮೇಡಂ, ಯಾವ್ದು ಓಡ್ತೈತೆ ಹೇಳ್ರಿ. ಓಡೋ ಮಾಲಷ್ಟೇ ಇಡೋಣ."

"ಅದನ್ನ ಅಳೆಯೋದು ಕಷ್ಟ ಸಾಹುಕಾರ್ರೆ. ಇಂಟರ್ನೆಟ್‌ನಾಗೆ ಒಂದೊಂದು ಪಟ್ಟಿ ಒಂದೊಂದು ಹೇಳ್ತೈತೆ. ಕೆಲವ್ರು ಎಷ್ಟು ಜನ ಹುಡುಕ್ತಾರೆ ಅಂತ ನೋಡ್ತಾರೆ, ಕೆಲವ್ರು ಕೆಲಸದ ಜಾಹೀರಾತು ನೋಡ್ತಾರೆ. ತಿಳೀದೆ ಒದ್ದಾಡೋರೇ ಜಾಸ್ತಿ ಹುಡುಕೋದು. ಗೊತ್ತಿರೋರು ಸುಮ್ನೆ ಬರ್ಕೊಂಡು ಹೋಗ್ತಾರೆ, ಅವರ್ನ ಯಾರು ಎಣಿಸ್ತಾರೆ?"

ಸಾಹುಕಾರರಿಗೆ ಈ ಪುರಾಣ ಬೇಕಿರಲಿಲ್ಲ. ಮಂಡಿಪೇಟೆಯ ಬಟ್ಟೆ ಅಂಗಡಿಗಳಲ್ಲಿ ಗಿರಾಕಿಗಳು ಚಪ್ಪಲಿ ಬಿಟ್ಟು ಗಾದಿಯ ಮೇಲೆ ಕೂರುತ್ತಾರೆ. ಎದುರಂಗಡಿಯ ವ್ಯಾಪಾರ ಹೇಗಿದೆ ಎಂಬುದನ್ನು ಅವರು ಯಾವತ್ತೂ ಅಳೆಯುತ್ತಿದ್ದುದು ಹೊರಗಿನ ಚಪ್ಪಲಿ ನೋಡಿ. ಮಹಡಿಗೂ ಅದೇ ಅಳತೆ.

"ದಿನಾ ನೋಡ್ತಾ ಇದೀನಿ. ಜಾವಾ ಬಾಗ್ಲಾಗೆ ಕಾಲಿಡಾಕೆ ಜಾಗ ಇಲ್ಲ, ನಿಮ್ಮ ಬಾಗ್ಲು ಖಾಲಿ."

"ಒಳಗೆ ಬಂದು ಹುಡುಗ್ರನ್ನ ಎಣಿಸ್ರಿ."

"ಆ ಕೋಣೆಯವ್ರನ್ನ ಕರ್ಕೊಂಡು ಬಂದು ಕೂರಿಸಿದ್ರೆ ನಂಗೆ ಹೆಂಗೆ ಗೊತ್ತಾಗ್ತೈತೆ? ಅಷ್ಟು ಜನ ಇದ್ರೆ ಚಪ್ಪಲಿ ಎಲ್ಲಿ ಹೋದ್ವು, ಅದನ್ನ ಹೇಳ್ರಿ."

ಮೇಡಂ ಬಾಯಿ ತೆರೆದರು. ನನ್ನ ಕಾಲಿನತ್ತ ನೋಡಿದರು. ನಾನು ಪಿನ್ನಿದ್ದ ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡೆ.

"ಹಂಗೇ ಆಗ್ಲಿ ಬಿಡ್ರಿ" ಎಂದಷ್ಟೇ ಹೇಳಿ ಬೀದಿಗಿಳಿದರು. ಬಸ್ ಸ್ಟ್ಯಾಂಡಿನವರೆಗೆ ಜೊತೆಗೇ ನಡೆದೆವು. ಚಪ್ಪಲಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ... "ಕವರಿನಾಗೆ ಅದಾವೆ ಸಾಹುಕಾರ್ರೆ" ಎಂದು ನಾನು ಅಂದಿದ್ದರೆ ಮುಗಿಯುತ್ತಿತ್ತು. ಮೇಡಂ ಕ್ಲಾಸು ಆ ತಿಂಗಳೇ ನಿಂತುಹೋಯಿತು. ನಮ್ಮಲ್ಲಿ ಕೆಲವರು ಜಾವಾಕ್ಕೆ ಹೋದರು, ಕೆಲವರು ಬರುವುದನ್ನೇ ಬಿಟ್ಟರು. ಮೇಡಂಗೆ ಬೇರೆಲ್ಲೂ ಕಲಿಸುವ ಕೆಲಸ ಸಿಗಲಿಲ್ಲ ಎಂದು ಆಮೇಲೆ ಕೇಳಿದೆ. ತೀರಿಕೊಂಡರು ಎಂಬುದನ್ನೂ ಯಾರೋ ಹೇಳಿದ ಮೇಲೆಯೇ ತಿಳಿದದ್ದು. ಅವರು ಬದುಕಿದ್ದಾಗ ಹೋಗಿ ಒಮ್ಮೆ ಮುಖ ನೋಡುವ ಮುಖವೂ ನನಗಿರಲಿಲ್ಲ.

ಇವತ್ತಿಗೂ ನನಗೆ ಅನ್ನ ಹಾಕುತ್ತಿರುವುದು ಅವರು ಕಲಿಸಿದ ಪಿಎಚ್‌ಪಿಯೇ. ಹರಿಹರದ ಶಾಲೆಗಳಿಗೆ, ಔಷಧಿ ಅಂಗಡಿಗಳಿಗೆ ಅದರಲ್ಲೇ ವೆಬ್‌ಸೈಟ್ ಮಾಡಿಕೊಡುತ್ತೇನೆ. ಆದರೆ ಪಿಎಚ್‌ಪಿ ಎಂದರೆ ನಮ್ಮ ಆಫೀಸಿನ ಹೊಸ ಹುಡುಗರು ಕಿಸಕ್ಕೆಂದು ನಗುತ್ತಾರೆ. ತುಂಬುವವರ ಹೆಸರನ್ನೂ ಕೇಳದ ಆ ಸಮೀಕ್ಷೆಯಲ್ಲೂ, ಯಾರೂ ನೋಡದ ಕಡೆಯಲ್ಲೂ, ನಾನು ಈಗ ಎಲ್ಲರೂ ಹೊಗಳುವ ಪೈಥಾನ್ ಭಾಷೆಗೆ ಗುರುತು ಹಾಕಿ ಕಳಿಸಿದ್ದೆ.

ತಿದ್ದೋಣವೆಂದು ಮತ್ತೆ ತೆರೆದೆ. ನಿಮ್ಮ ಉತ್ತರ ಈಗಾಗಲೇ ಬಂದಿದೆ, ಧನ್ಯವಾದ ಎಂದಿತ್ತು. ಈ ವರ್ಷದ ಪಟ್ಟಿಯಲ್ಲೂ ಮೇಡಂ ಭಾಷೆ ಒಂದಿಷ್ಟು ಕೆಳಗಿಳಿಯುತ್ತದೆ.

ಹಲ್ಲು ತೋರಿಸಿ ಹೊರಗೆ ಬಂದೆ. ನನ್ನ ಚಪ್ಪಲಿ ಮೆಟ್ಟಿಲ ಮೇಲೇ ಇದ್ದವು. ಈಗಿನವು ಹೊಸವು, ಚೆನ್ನಾಗಿವೆ. ಎಲ್ಲರಿಗೂ ಕಾಣುವ ಹಾಗೆ ಬಿಟ್ಟಿದ್ದೆ.