ನನ್ನದೇ ದನಿಗೆ ತುಟಿಯಾಡಿಸಿದ ಮಧ್ಯಾಹ್ನ

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನು ಕನ್ನಡ ಸಿನಿಮಾವೊಂದಕ್ಕೆ ಹಾಡಿದ ಡಿಸ್ಕೊ ಹಾಡು ಬಸ್ಸು, ಮದುವೆಮನೆ, ಗಣೇಶನ ಪೆಂಡಾಲು ಎನ್ನದೆ ಎಲ್ಲೆಡೆ ಮೊಳಗಿತು. ಆಮೇಲೆ ಹಾಡಿದ ಹನ್ನೊಂದು ಹಾಡುಗಳನ್ನು ಯಾರೂ ಕೇಳಲಿಲ್ಲ, ಕರೆಗಳೂ ನಿಂತುಹೋದವು. ಬ್ಯಾಂಕಿನಲ್ಲಿದ್ದ ಗಂಡನಿಗೆ ವಡೋದರಾಕ್ಕೆ ವರ್ಗವಾದಾಗ ಅಲ್ಲಿನ ಗೋರ್ವಾ ಬಡಾವಣೆಯಲ್ಲಿ ಮನೆ ಮಾಡಿದೆವು, ಇಲ್ಲೇ ಉಳಿದುಬಿಟ್ಟೆವು.

ಕಳೆದ ನವೆಂಬರಿನಲ್ಲಿ ಅಹಮದಾಬಾದಿನ ಕನ್ನಡಿಗರು ರಾಜ್ಯೋತ್ಸವಕ್ಕೆ ನನ್ನನ್ನು ಕರೆದರು. ಥೈರಾಯ್ಡ್ ಆಪರೇಷನ್ ಆದಮೇಲೆ ನನ್ನ ದನಿ ಮೇಲಕ್ಕೇರುತ್ತಿರಲಿಲ್ಲ. ಅದಕ್ಕೇ ತಗ್ಗಿದ ಶ್ರುತಿಯಲ್ಲಿ ಭಾವಗೀತೆಯೊಂದನ್ನು ತಿಂಗಳಿಡೀ ಅಭ್ಯಾಸ ಮಾಡಿಕೊಂಡು ಹೋದೆ.

"ಅದೆಲ್ಲ ಬೇಡ ಮೇಡಂ, ಜನ ಬಂದಿರೋದೇ ಆ ಹಾಡಿಗೆ," ಎಂದರು ಸಂಘದ ಕಾರ್ಯದರ್ಶಿ.

ಆ ಡಿಸ್ಕೊ ಹಾಡಿನ ಪಲ್ಲವಿಯನ್ನು ಹೇಗೋ ದಾಟಿದೆ. ಚರಣದಲ್ಲಿ ದನಿ ಒಡೆದು ಬರೀ ಗಾಳಿ ಹೊರಟಿತು. ಕಾರ್ಯದರ್ಶಿ ಅವಸರದಿಂದ ಫೋನಿನಲ್ಲಿದ್ದ ಹಳೆಯ ಹಾಡನ್ನೇ ಸ್ಪೀಕರಿಗೆ ಹಾಕಿ, ತುಟಿಯಾಡಿಸಿದರೆ ಸಾಕೆಂದು ಸನ್ನೆ ಮಾಡಿದರು. ಇಪ್ಪತ್ತೆರಡರ ಆ ಹುಡುಗಿ ಸಲೀಸಾಗಿ ಮೇಲೇರಿದಳು. ನಾನು ತುಟಿಯಾಡಿಸುತ್ತ ನಿಂತೆ. ಜನ ಎದ್ದು ಕುಣಿದರು.

ಊಟದ ಸಾಲಿನಲ್ಲಿ, ಗುಜರಾತಿನಲ್ಲೇ ಹುಟ್ಟಿ ಬೆಳೆದ ಕಾಲೇಜು ಹುಡುಗಿಯೊಬ್ಬಳು ನನ್ನ ಕೈ ಹಿಡಿದುಕೊಂಡಳು. "ಆಂಟಿ, ಲಿಪ್ ಸಿಂಕ್ ಏಕ್‌ದಮ್ ಮಸ್ತ್ ಇತ್ತು! ಒರಿಜಿನಲ್ ಸಿಂಗರ್ ಯಾರು?"

"ಗೊತ್ತಿಲ್ಲಮ್ಮ," ಎಂದೆ. ಸುಳ್ಳು ಹೇಳಿದೆನೆಂದು ನನಗೆ ಅನ್ನಿಸಲೂ ಇಲ್ಲ.

ಅಂದಿನಿಂದ ಅಡುಗೆಮನೆಯಲ್ಲೂ ನಾನು ಗುನುಗುವುದಿಲ್ಲ. "ಯಾಕೆ ಹಾಡೋದೇ ಬಿಟ್ಟೆ?" ಎಂದು ಗಂಡ ಒಂದೆರಡು ಸಲ ಕೇಳಿದರು. ಈಗ ಅವರೂ ಕೇಳುವುದಿಲ್ಲ.